ಸವಾರಿ ಕುದುರೆಗೆ ಹೊಂದುವ ಕಡಿವಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು ಸುತ್ತಲಿನ ಸವಾರಿ ಶಾಲೆಗಳಲ್ಲಿ, ಖಾಸಗಿ ಲಾಯಗಳಲ್ಲಿ ರೇಸು ಬಿಟ್ಟು ಬಂದ ಥರೋಬ್ರೆಡ್‌ಗಳು ಬಹಳ. ಅವುಗಳ ಜೊತೆಗೆ ಮಾರವಾಡಿ, ಕಾಠಿಯಾವಾಡಿ ಕುದುರೆಗಳೂ ಇವೆ. ಕೆಳಗಿನ ಉತ್ತರಗಳನ್ನು ಇಂಥ ಕುದುರೆಗಳನ್ನು ಮುಂದಿಟ್ಟುಕೊಂಡೇ ಬರೆದಿದ್ದೇವೆ. ಕಡಿವಾಣ ಅಂದಾಗ ಬಾಯೊಳಗೆ ಕೂರುವ ಬಿಟ್, ಲಗಾಮು ಅಂದಾಗ ಸವಾರನ ಕೈಯಲ್ಲಿರುವ ಪಟ್ಟಿ ಎಂದು ಓದಿಕೊಳ್ಳಿ.

ಕಡಿವಾಣ ಬಾಯಲ್ಲಿ ಎಲ್ಲಿ ಕೂರುತ್ತದೆ, ಯಾವುದನ್ನು ಒತ್ತುತ್ತದೆ?

ಕುದುರೆಯ ದವಡೆಯಲ್ಲಿ ಮುಂದಿನ ಬಾಚಿಹಲ್ಲುಗಳಿಗೂ ಹಿಂದಿನ ಅರೆಯುವ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಖಾಲಿ ಅಂಚು ಇದೆ. ಕಡಿವಾಣ ಕೂರುವುದು ಅಲ್ಲಿ. ಕೆಳದವಡೆಯ ಆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿ: ತೆಳುವಾದ ವಸಡು, ಅದರಡಿಯಲ್ಲೇ ಎಲುಬು. ಥರೋಬ್ರೆಡ್‌ಗಳಲ್ಲಿ ಎಷ್ಟೋ ಸಲ ಈ ಎಲುಬಿನ ಅಂಚು ಚೂಪಾಗಿಯೇ ಕೈಗೆ ಸಿಗುತ್ತದೆ.

ಲಗಾಮು ಎಳೆದಾಗ ಒತ್ತಡ ಮೊದಲು ನಾಲಿಗೆಯ ಮೇಲೆ ಬೀಳುತ್ತದೆ, ಆಮೇಲೆ ಈ ಅಂಚಿನ ಮೇಲೂ ಕಟಬಾಯಿಯ ಮೇಲೂ. ಸನ್ನೆಕೋಲಿನಂತೆ ಕೆಲಸ ಮಾಡುವ ಕಡಿವಾಣವಾದರೆ ಗದ್ದದ ಕೆಳಗಿನ ಕುಳಿಯೂ ಕಿವಿಯ ಹಿಂದಿನ ನೆತ್ತಿಯೂ ಸೇರಿಕೊಳ್ಳುತ್ತವೆ. ಬಾಯಿ ಮುಚ್ಚಿದ್ದಾಗ ನಾಲಿಗೆ ಬಾಯನ್ನು ಹೆಚ್ಚುಕಡಿಮೆ ಪೂರ್ತಿ ತುಂಬಿರುತ್ತದೆ. ಕಡಿವಾಣಕ್ಕೆಂದು ಬೇರೆ ಜಾಗವಿಲ್ಲ, ನಾಲಿಗೆಯನ್ನು ಒತ್ತಿಯೇ ಅದು ಜಾಗ ಮಾಡಿಕೊಳ್ಳಬೇಕು. ದಪ್ಪ, ಆಕಾರ, ಕೀಲು ಇವುಗಳ ಚರ್ಚೆಯೆಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಹೊಸದನ್ನು ಕೊಳ್ಳುವ ಮುಂಚೆ ಏನು ಮಾಡಬೇಕು?

ಹಲ್ಲು ತೋರಿಸಿ. ಕುದುರೆಗಳನ್ನು ನೋಡಿ ಅಭ್ಯಾಸವಿರುವ ಪಶುವೈದ್ಯರಿಂದ, ಬಾಯಿ ತೆರೆದಿಡುವ ಸಾಧನ ಹಾಕಿ, ಟಾರ್ಚಿನ ಬೆಳಕಿನಲ್ಲಿ ಪೂರ್ತಿ ತಪಾಸಣೆ ಆಗಬೇಕು. ಐದು ವರ್ಷದೊಳಗಿನ ಕುದುರೆಗೆ ಆರು ತಿಂಗಳಿಗೊಮ್ಮೆ, ದೊಡ್ಡದಕ್ಕೆ ವರ್ಷಕ್ಕೊಮ್ಮೆ ಇದು ಬೇಕು.

ಮೇಲಿನ ಅರೆಯುವ ಹಲ್ಲುಗಳ ಹೊರ ಅಂಚು ತಿಂದಂತೆಲ್ಲ ಚೂಪಾಗುತ್ತದೆ. ಕಡಿವಾಣವೋ ಬಿಗಿ ಮೂಗುಪಟ್ಟಿಯೋ ಕೆನ್ನೆಯನ್ನು ಆ ಅಂಚಿಗೆ ಒತ್ತಿದರೆ ಒಳಗೆ ಹುಣ್ಣಾಗುತ್ತದೆ. ಇನ್ನೊಂದು ತೊಂದರೆ ವುಲ್ಫ್ ಹಲ್ಲು: ಸಾಮಾನ್ಯವಾಗಿ ಮೇಲ್ದವಡೆಯಲ್ಲಿ, ಮೊದಲ ಅರೆಯುವ ಹಲ್ಲಿನ ಸರಿಮುಂದೆ ಮೂಡುವ ಸಣ್ಣ ಹಲ್ಲು. ಒಂದು ವರ್ಷ ತುಂಬುವುದರೊಳಗೇ ಬರುತ್ತದೆ, ಎಲ್ಲ ಕುದುರೆಗೂ ಇರುವುದಿಲ್ಲ. ಕಡಿವಾಣ ಅದಕ್ಕೆ ತಾಗುತ್ತಿದ್ದರೆ, ಅಥವಾ ಅದು ವಸಡಿನಡಿ ಅಡ್ಡ ಮಲಗಿದ್ದರೆ ವೈದ್ಯರು ಮಂಪರು ಕೊಟ್ಟು ತೆಗೆಯುತ್ತಾರೆ. ಗಂಡು ಕುದುರೆಗಳಿಗೆ ನಾಲ್ಕರಿಂದ ಐದನೇ ವರ್ಷದಲ್ಲಿ ಕೋರೆಹಲ್ಲು ಒಡೆಯುತ್ತದೆ. ಎರಡೂವರೆಯಿಂದ ನಾಲ್ಕು ವರ್ಷದ ನಡುವೆ ಹಾಲುಹಲ್ಲಿನ ಟೊಪ್ಪಿಗಳು ಕಳಚುತ್ತವೆ. ನಿನ್ನೆಯವರೆಗೆ ತಣ್ಣಗಿದ್ದ ನಾಲ್ಕು ವರ್ಷದ ಕುದುರೆ ಇವತ್ತು ಕಡಿವಾಣ ಕಂಡರೆ ತಲೆ ಎತ್ತುತ್ತಿದ್ದರೆ ಮೊದಲು ಹಲ್ಲನ್ನೇ ಅನುಮಾನಿಸಿ.

ಅಳತೆ ತೆಗೆಯುವುದು ಹೇಗೆ?

ಸುಮಾರು 20 ಸೆಂ.ಮೀ. ಉದ್ದದ, ಕಿರುಬೆರಳು ದಪ್ಪದ ನುಣುಪಾದ ಮರದ ಕೋಲು ತೆಗೆದುಕೊಳ್ಳಿ. ಸಿಬಿರು ಇರಕೂಡದು. ಕಡಿವಾಣ ಕೂರುವ ಜಾಗದಲ್ಲೇ ಬಾಯಿಗೆ ಅಡ್ಡ ಇಡಿ. ಒಬ್ಬರು ತಲೆ ಹಿಡಿದಿರಲಿ, ಇನ್ನೊಬ್ಬರು ಎರಡೂ ಕಡೆ ತುಟಿಯ ಹೊರಗಡೆ ಪೆನ್ಸಿಲ್ ಗುರುತು ಹಾಕಲಿ. ತುಟಿಯನ್ನು ಎಳೆಯಬೇಡಿ, ಒತ್ತಬೇಡಿ. ಎರಡು ಗುರುತುಗಳ ನಡುವಿನ ದೂರವೇ ಬಾಯಿಯ ಅಗಲ.

ಅದಕ್ಕೆ ಎಷ್ಟು ಸೇರಿಸಬೇಕೆನ್ನುವುದು ಕಡಿವಾಣದ ಎರಡೂ ತುದಿಯಲ್ಲಿ ಲಗಾಮು ಸೇರಿಸುವ ರಿಂಗಿನ ಬಗೆಯ ಮೇಲೆ ನಿಂತಿದೆ (ಬಗೆಗಳ ವಿವರ ಮುಂದಿದೆ). ಲೂಸ್ ರಿಂಗ್ ಆದರೆ ಎರಡೂ ಕಡೆ ತಲಾ 5 ಮಿ.ಮೀ. ಬಿಡಬೇಕು, ಯಾಕೆಂದರೆ ತೂತಿನೊಳಗೆ ತಿರುಗುವ ರಿಂಗು ತುಟಿಯ ಚರ್ಮವನ್ನು ಹಿಡಿದುಕೊಳ್ಳಬಹುದು. ಎಗ್‌ಬಟ್, ಡಿ ರಿಂಗ್, ಫುಲ್ ಚೀಕ್‌ಗೆ ತಲಾ 2 ರಿಂದ 3 ಮಿ.ಮೀ. ಸಾಕು. ಬಾಯಿ 126 ಮಿ.ಮೀ. ಇದ್ದರೆ ಲೂಸ್ ರಿಂಗ್ 135ರ ಆಸುಪಾಸು, ಎಗ್‌ಬಟ್ 130.

ಅಂಗಡಿಯವರು ಇಂಚಿನಲ್ಲಿ ಮಾತಾಡುತ್ತಾರೆ: ನಾಲ್ಕೂವರೆ ಇಂಚು ಸುಮಾರು 115 ಮಿ.ಮೀ., ಐದು ಇಂಚು 127, ಐದೂಕಾಲು 133, ಐದೂವರೆ 140. ಥರೋಬ್ರೆಡ್‌ಗಳಿಗೆ ಸಾಮಾನ್ಯವಾಗಿ ಐದು ಅಥವಾ ಐದೂಕಾಲು, ಮಾರವಾಡಿಗಳಿಗೆ ನಾಲ್ಕೂಮುಕ್ಕಾಲರಿಂದ ಐದು ಹಿಡಿಸುತ್ತದೆ. ಕಾಲು ಇಂಚಿನ ಸೈಜು ಎಲ್ಲ ಅಂಗಡಿಯಲ್ಲೂ ಸಿಗದು, ಆದರೂ ಹುಡುಕಿ. ಅರ್ಧ ಇಂಚು ದೊಡ್ಡದನ್ನು ತಂದು 'ಪರವಾಗಿಲ್ಲ' ಎಂದುಕೊಳ್ಳುವುದರಿಂದಲೇ ಎಷ್ಟೋ ತೊಂದರೆಗಳು ಶುರುವಾಗುತ್ತವೆ. ಕೊಳ್ಳುವಾಗ ಕಡಿವಾಣವನ್ನು ಮೇಜಿನ ಮೇಲೆ ನೇರ ಮಾಡಿ, ಒಂದು ರಿಂಗಿನ ಒಳ ಅಂಚಿನಿಂದ ಇನ್ನೊಂದರ ಒಳ ಅಂಚಿಗೆ ಟೇಪು ಹಿಡಿಯಿರಿ. ಮೇಲೆ ಕೊರೆದ ಸಂಖ್ಯೆಯನ್ನು ನಂಬಬೇಡಿ.

ಅಗಲ ಸ್ವಲ್ಪ ಹೆಚ್ಚಾದರೆ ಏನಾಗುತ್ತದೆ? ಸಡಿಲವಿದ್ದರೆ ಒಳ್ಳೆಯದಲ್ಲವೇ?

ಒಳ್ಳೆಯದಲ್ಲ. ಅಗಲವಾದ ಕಡಿವಾಣ ಬಾಯೊಳಗೆ ಆಚೀಚೆ ಸರಿಯುತ್ತದೆ. ಎಡ ಲಗಾಮು ಎಳೆದರೆ ಇಡೀ ಕಡಿವಾಣ ಎಡಕ್ಕೆ ಜಾರಿ, ಕೀಲು ನಾಲಿಗೆಯ ನಡುವಿಂದ ತಪ್ಪಿ ಒಂದು ಬದಿಯ ವಸಡಿನ ಮೇಲೆ ಕೂರುತ್ತದೆ. ಒಂದೇ ಕೀಲಿನದಾದರೆ ನಡುಭಾಗ ಜೋತು, ಲಗಾಮು ಎಳೆದಾಗ ಚೂಪಾದ ಕೋನವಾಗಿ ಮಡಚಿ, ಕೆಲವು ಕುದುರೆಗಳಲ್ಲಿ ಅಂಗುಳಕ್ಕೂ ತಾಗುತ್ತದೆ. ಕುದುರೆ ಒಂದು ಕಡೆಗೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆಗೆ ಬಾಯಿ ಬಿಡುತ್ತಿದ್ದರೆ ಅಗಲವನ್ನು ಮತ್ತೊಮ್ಮೆ ಅಳೆಯಿರಿ.

ಕಟಬಾಯಿಯಲ್ಲಿ ಎಷ್ಟು ಸುಕ್ಕು ಬರಬೇಕು?

'ಎರಡು ಸುಕ್ಕು' ಎನ್ನುವುದು ಶುರು ಮಾಡಲು ಒಂದು ಗುರುತು, ಅಷ್ಟೇ. ತುಟಿ ದಪ್ಪಗಿರುವ ಕುದುರೆಯಲ್ಲಿ ಎರಡು ಸುಕ್ಕು ಬಂದರೂ ಕಡಿವಾಣ ಕೆಳಗೇ ಇರಬಹುದು. ತೆಳು ತುಟಿಯ ಥರೋಬ್ರೆಡ್‌ನಲ್ಲಿ ಒಂದು ಸುಕ್ಕಿಗೇ ಬಿಗಿಯಾಗಿರಬಹುದು. ತುಟಿ ಬಿಡಿಸಿ ಒಳಗೆ ನೋಡಿ: ಕಡಿವಾಣ ಕೋರೆಹಲ್ಲಿನಿಂದ ಸ್ಪಷ್ಟವಾಗಿ ದೂರವಿರಬೇಕು, ಹಿಂದಿನ ಹಲ್ಲಿಗೂ ತಾಗಬಾರದು, ಲಗಾಮು ಬಿಟ್ಟಾಗ ಕಟಬಾಯಿಯನ್ನು ಎಳೆದು ಹಿಡಿದಿರಬಾರದು.

ಎರಡೂ ಕಡೆಯ ಕೆನ್ನೆಪಟ್ಟಿಗಳ ತೂತು ಎಣಿಸಿ ಸಮ ಮಾಡಿ, ಆಮೇಲೆ ಮುಂದೆ ನಿಂತು ನೋಡಿ. ತೂತಿನ ಎಣಿಕೆ ಸಮ ಇದ್ದೂ ಒಂದು ಪಟ್ಟಿಯ ಚರ್ಮ ಎಳೆದು ಉದ್ದವಾಗಿದ್ದರೆ ಕಡಿವಾಣ ಓರೆಯಾಗುತ್ತದೆ. ಹಳೇ ಬ್ರೈಡಲ್‌ಗಳಲ್ಲಿ (ಕಡಿವಾಣ ಹಿಡಿದಿಡುವ ತಲೆಪಟ್ಟಿಗಳಲ್ಲಿ), ಅದರಲ್ಲೂ ದಿನವೂ ಎಡಗಡೆಯೊಂದರಿಂದಲೇ ಬಿಚ್ಚುವ ಕಡೆ, ಇದು ತೀರಾ ಸಾಮಾನ್ಯ. ಒಂದು ತೂತಿಗೆ ಕೆಳಗೆ, ಮುಂದಿನದಕ್ಕೆ ಮೇಲೆ ಎನ್ನುವ ಪರಿಸ್ಥಿತಿ ಬಂದರೆ ನಡುವೆ ಅರ್ಧ ತೂತು ಹಾಕಿಸಿ.

ದಪ್ಪ ಕಡಿವಾಣ ಮೃದು, ತೆಳುವಾದದ್ದು ಕಠಿಣ ಎನ್ನುತ್ತಾರಲ್ಲ?

ಅರ್ಧ ಮಾತ್ರ ನಿಜ. ಅದೇ ಬಲ ಹೆಚ್ಚು ಜಾಗಕ್ಕೆ ಹರಡಿದರೆ ಒತ್ತಡ ಕಡಿಮೆ, ಸರಿ. ಆದರೆ ಜಾಗವೇ ಇಲ್ಲದ ಬಾಯಿಗೆ 20 ಮಿ.ಮೀ. ಕೊಳವೆ ತುರುಕಿದರೆ ಲಗಾಮು ಮುಟ್ಟದೆಯೇ ನಾಲಿಗೆ ಇಡೀ ಹೊತ್ತು ಅಮುಕಿರುತ್ತದೆ. ಟೊಳ್ಳು ಲೋಹದ ದಪ್ಪ ಸ್ನ್ಯಾಫಲ್ (ಸನ್ನೆಕೋಲಿಲ್ಲದ ಸರಳ ಕಡಿವಾಣ) 'ತುಂಬಾ ಸೌಮ್ಯ' ಎಂಬ ಹೆಸರಲ್ಲಿ ಮಾರಾಟವಾಗುತ್ತದೆ, ಸಣ್ಣ ತಲೆಯ ಮಾರವಾಡಿಗೆ ಅದು ಹಿಂಸೆ.

ಪರೀಕ್ಷೆ ಸುಲಭ. ಕುದುರೆ ಸುಮ್ಮನೆ ನಿಂತಿರುವಾಗ, ಬಾಯಿ ಮುಚ್ಚಿರುವಂತೆಯೇ, ಪಕ್ಕದ ತುಟಿಯನ್ನಷ್ಟೇ ಮೆಲ್ಲಗೆ ಬಿಡಿಸಿ. ನಾಲಿಗೆ ಹಲ್ಲಿಲ್ಲದ ಅಂಚಿನ ಮೇಲೆ ಉಬ್ಬಿ ಹೊರಗೆ ಕಾಣುತ್ತಿದ್ದರೆ ಬಾಯಿ ತುಂಬಿದೆ ಎಂದರ್ಥ. ಅಲ್ಲಿ ತೋರುಬೆರಳು ಅಡ್ಡ ಇಡಿ, ಮೇಲೆ ಕೆಳಗೆ ಎಷ್ಟು ಬಿಗಿ ಎಂದು ನಿಮಗೇ ಗೊತ್ತಾಗುತ್ತದೆ. ನಾವು ಹೆಚ್ಚಿನ ಥರೋಬ್ರೆಡ್, ಮಾರವಾಡಿಗಳಿಗೆ 14 ರಿಂದ 16 ಮಿ.ಮೀ.ನಿಂದ ಶುರು ಮಾಡಿ ಎನ್ನುತ್ತೇವೆ. ದಪ್ಪವನ್ನು ರಿಂಗಿನ ಪಕ್ಕದಲ್ಲೇ ಅಳೆಯಬೇಕು. ಬಾಯಿಭಾಗ ನಡುವಿನ ಕಡೆ ಸಣ್ಣಗಾಗುತ್ತಾ ಹೋಗುವುದರಿಂದ ಬೇರೆ ಕಡೆ ಅಳೆದರೆ ಲೆಕ್ಕ ತಪ್ಪುತ್ತದೆ.

ಒಂದು ಕೀಲೋ, ಎರಡು ಕೀಲೋ, ಕೀಲೇ ಇಲ್ಲದ್ದೋ?

ಒಂದು ಕೀಲಿನ ಸ್ನ್ಯಾಫಲ್ ಎಲ್ಲ ಲಾಯದಲ್ಲೂ ಸಿಗುತ್ತದೆ, ಅಗ್ಗ, ಬಹಳ ಕುದುರೆಗಳು ಅದರಲ್ಲೇ ಸುಖವಾಗಿವೆ. ಎರಡೂ ಲಗಾಮು ಒಟ್ಟಿಗೆ ಎಳೆದಾಗ ಅಡಕತ್ತರಿಯಂತೆ ಮಡಚಿ ನಾಲಿಗೆಯ ಎರಡು ಪಕ್ಕಗಳನ್ನು ಹಿಂಡುವುದು ಅದರ ದೋಷ.

ಎರಡು ಕೀಲಿನದರಲ್ಲಿ ನಡುವೆ ಒಂದು ತುಂಡು ಇರುತ್ತದೆ, ಆ ತುಂಡಿನ ಆಕಾರವನ್ನು ಕಣ್ಣಿಟ್ಟು ನೋಡಬೇಕು. ಕಡಲೆಬೀಜದಂತೆ ಉರುಟಾದ ಲೋಜೆಂಜ್ ನಾಲಿಗೆಯ ಮೇಲೆ ಸಮನಾಗಿ ಕೂರುತ್ತದೆ. ಫ್ರೆಂಚ್ ಲಿಂಕ್ ಎನ್ನುವುದು ಚಪ್ಪಟೆ ತಗಡು, ಅದೂ ನಾಲಿಗೆಯ ಮೇಲೆ ಚಪ್ಪಟೆಯಾಗಿಯೇ ಮಲಗುತ್ತದೆ. ನೋಡಲು ಹೆಚ್ಚುಕಡಿಮೆ ಹಾಗೇ ಇರುವ ಡಾಕ್ಟರ್ ಬ್ರಿಸ್ಟಲ್‌ನಲ್ಲಿ ತಗಡು ಓರೆಯಾಗಿ ನಿಂತು ಅಂಚಿನಿಂದ ನಾಲಿಗೆಯನ್ನು ಒತ್ತುತ್ತದೆ, ಇದು ಕಠಿಣ ಸಾಧನ. ಅಂಗಡಿಯಲ್ಲಿ ಇವೆರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿಟ್ಟಿರುತ್ತಾರೆ. ಎರಡು ರಿಂಗನ್ನೂ ಹಿಡಿದು, ಬಾಯಲ್ಲಿ ಕೂರುವ ಹಾಗೆಯೇ ನಿಲ್ಲಿಸಿ, ನಡುವಿನ ತಗಡು ಯಾವ ಕಡೆ ಮುಖ ಮಾಡಿದೆ ಎಂದು ನೋಡಿಯೇ ದುಡ್ಡು ಕೊಡಿ.

ಕೀಲಿಲ್ಲದ, ಸ್ವಲ್ಪ ಬಾಗಿದ ಮಲ್ಲನ್ ಮೌತ್ ಕಡಿವಾಣ ಬಾಯಲ್ಲಿ ಅಲುಗುವುದು ಕಡಿಮೆ. ಸವಾರನ ಕೈ ಇನ್ನೂ ಕೂತಿಲ್ಲದಿದ್ದರೆ, ಅಥವಾ ಕುದುರೆ ಬಾಯೊಳಗಿನ ಸಣ್ಣ ಚಲನೆಗೂ ಬೆದರುತ್ತಿದ್ದರೆ ಇದು ಒಳ್ಳೆಯ ಆಯ್ಕೆ. ತಿರುವಿನ ಸೂಚನೆ ಮಾತ್ರ ಅಷ್ಟು ನಿಖರವಾಗಿ ಮುಟ್ಟುವುದಿಲ್ಲ. ಕಲಿಯುವವರು ದಿನಕ್ಕೆ ನಾಲ್ಕೈದು ಮಂದಿ ಏರುವ ಶಾಲೆ ಕುದುರೆಗೆ ಲೋಜೆಂಜಿನ ಎಗ್‌ಬಟ್ ಇಲ್ಲವೇ ಮಲ್ಲನ್ ಮೌತ್ ಹಾಕಿ, ಜೊತೆಗೆ ಕೊರಳಿಗೊಂದು ಪಟ್ಟಿ ಕಟ್ಟಿ. ಆಯ ತಪ್ಪಿದಾಗ ಸವಾರ ಹಿಡಿದುಕೊಳ್ಳಬೇಕಾದ್ದು ಆ ಪಟ್ಟಿಯನ್ನು. ಲಗಾಮಿಗೆ ಜೋತುಬಿದ್ದು ಸಮತೋಲ ಕಂಡುಕೊಳ್ಳುವುದನ್ನು ಕಲಿತ ಕೈಗೆ ಆ ಚಾಳಿ ಬಿಡಿಸಲು ವರ್ಷಗಳೇ ಬೇಕಾಗುತ್ತವೆ, ಅಷ್ಟು ಕಾಲವೂ ನೋವು ತಿನ್ನುವುದು ಕುದುರೆಯ ಬಾಯಿ.

ರಿಂಗುಗಳಲ್ಲಿ ಯಾವುದು?

ಲೂಸ್ ರಿಂಗ್ ಸದಾ ಸ್ವಲ್ಪ ಅಲುಗುತ್ತಿರುವುದರಿಂದ ಕಡಿವಾಣದ ಮೇಲೆ ಭಾರ ಹಾಕಿ ಓಡುವ ಕುದುರೆಗೆ ಒರಗಲು ಗಟ್ಟಿ ಜಾಗ ಸಿಗುವುದಿಲ್ಲ. ಎಗ್‌ಬಟ್ ಸ್ಥಿರ, ತುಟಿ ಚಿವುಟುವುದಿಲ್ಲ. ಡಿ ರಿಂಗ್ ರೇಸಿನಲ್ಲಿ ಬಳಕೆಯಲ್ಲಿರುವುದು, ಅದರ ನೇರ ಬದಿ ಕೆನ್ನೆಗೆ ಒತ್ತಿ ತಿರುವಿಗೆ ನೆರವಾಗುತ್ತದೆ. ತಿರುಗಲು ಇನ್ನೂ ಕಲಿಯದ ಎಳೆ ಕುದುರೆಗೆ ಉದ್ದ ಕಡ್ಡಿಗಳ ಫುಲ್ ಚೀಕ್ ಸಹಾಯ ಮಾಡುತ್ತದೆ. ಅದರ ಮೇಲಿನ ಕಡ್ಡಿಯನ್ನು ಕೆನ್ನೆಪಟ್ಟಿಗೆ ಸೇರಿಸುವ ಸಣ್ಣ ಚರ್ಮದ ಕುಣಿಕೆ ಮರೆಯಬೇಡಿ, ಇಲ್ಲವಾದರೆ ಕಡ್ಡಿ ಬಲೆಗೋ ಬಾಗಿಲಿನ ಚಿಲಕಕ್ಕೋ ಸಿಕ್ಕಿಕೊಳ್ಳುತ್ತದೆ.

ಯಾವ ಲೋಹ ಒಳ್ಳೆಯದು?

ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿ, ನಮ್ಮ ಮಳೆಗಾಲದಲ್ಲೂ ಕೆಡದು. ತಾಮ್ರ ಬೆರೆತ ಮಿಶ್ರಲೋಹ, ತುಕ್ಕು ಹಿಡಿಯುವ ಸ್ವೀಟ್ ಐರನ್ ಇವು ಜೊಲ್ಲು ಬರಿಸುತ್ತವೆ ಎಂದು ಹಲವರು ಇಷ್ಟಪಡುತ್ತಾರೆ, ಕೆಲವು ಕುದುರೆಗಳು ನಿಜಕ್ಕೂ ಅವನ್ನು ಬೇಗ ಒಪ್ಪುತ್ತವೆ. ಶುದ್ಧ ತಾಮ್ರ ಮೆದು, ಹಲ್ಲು ತಾಗಿದ ಕಡೆ ಗೀರು ಬಿದ್ದು ಅಂಚು ಏಳುತ್ತದೆ. ಬೇಡವೇ ಬೇಡ ಎನ್ನುವುದು ನಿಕ್ಕಲ್ ಲೇಪನದ ಅಗ್ಗದ ಕಡಿವಾಣ: ಲೇಪನ ಸಿಪ್ಪೆಯಂತೆ ಎದ್ದು ಅಂಚು ನಾಲಿಗೆಯನ್ನು ಕೊಯ್ಯುತ್ತದೆ. ಕಾನ್ಪುರದಲ್ಲಿ ತಯಾರಾಗುವ ಸಾಮಾನುಗಳಲ್ಲಿ ರಫ್ತಿನ ದರ್ಜೆಯ ಒಳ್ಳೆಯವೂ ಇವೆ, ಲೇಪನದವೂ ಇವೆ. ಬೆರಳುಗುರು ಕೀಲಿನ ಸಂದಿಯಲ್ಲಿ ಆಡಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ರಬ್ಬರಿನದನ್ನು ಜಗಿಯುವ ಕುದುರೆಗೆ ಹಾಕಬೇಡಿ, ಒಣ ಬಾಯಲ್ಲಿ ಅದು ಉಜ್ಜುತ್ತದೆ ಕೂಡ.

ರೇಸಿನಿಂದ ತಂದ ಕುದುರೆ ಲಗಾಮು ಎಳೆದಷ್ಟೂ ಓಡುತ್ತದೆ. ಇನ್ನೂ ಗಟ್ಟಿ ಕಡಿವಾಣ ಹಾಕಲೇ?

ಹಾಕಬೇಡಿ. ಅದು ಕಲಿತದ್ದನ್ನೇ ಮಾಡುತ್ತಿದೆ. ರೇಸಿನಲ್ಲಿ ಜಾಕಿ ಲಗಾಮು ಬಿಗಿ ಹಿಡಿದಿರುತ್ತಾನೆ, ಕುದುರೆ ಆ ಬಿಗಿಗೆ ಒರಗಿ ವೇಗ ಹಿಡಿಯುತ್ತದೆ. ನೀವು ನಿಲ್ಲಿಸಲು ಎಳೆದದ್ದು ಅದಕ್ಕೆ 'ಓಡು' ಎಂದು ಕೇಳಿಸುತ್ತದೆ. ಕಠಿಣ ಕಡಿವಾಣದ ನೋವಿಗೆ ಅದು ಇನ್ನಷ್ಟು ಬೆದರಿ ಓಡುತ್ತದೆ, ಇಲ್ಲವೇ ತಲೆ ಎತ್ತಿ ಒತ್ತಡದಿಂದ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ. ಆಮೇಲೆ ಮೂಗುಪಟ್ಟಿ ಬಿಗಿ, ಮಾರ್ಟಿಂಗೇಲ್ (ತಲೆ ಎತ್ತದಂತೆ ತಡೆಯುವ ಪಟ್ಟಿ) ಬಿಗಿ, ಕೊನೆಗೆ ಕಟಬಾಯಿ ಹರಿದ ಕುದುರೆ.

ಮಾಡಬೇಕಾದ್ದು ಹೀಗೆ. ಮೊದಲು ಹಲ್ಲು, ಬೆನ್ನು, ಜೀನು ತೋರಿಸಿ. ಲೋಜೆಂಜಿನ ಲೂಸ್ ರಿಂಗ್ ಅಥವಾ ಎಗ್‌ಬಟ್ ಹಾಕಿ ಸುತ್ತುಗೋಡೆ ಇರುವ ಅಂಗಳದಲ್ಲಿ ನಡಿಗೆಯಲ್ಲೇ ಕೆಲಸ ಶುರು ಮಾಡಿ. ಲಗಾಮನ್ನು ಹಿಡಿ, ನಿಂತೊಡನೆ ಬಿಡು. ಕುದುರೆ ಒಂದು ಹೆಜ್ಜೆ ನಿಧಾನ ಮಾಡಿದ ಆ ಕ್ಷಣದಲ್ಲೇ ಬೆರಳು ಸಡಿಲವಾಗಬೇಕು, ತಡವಾದರೆ ಪಾಠ ತಲುಪುವುದಿಲ್ಲ. ದೊಡ್ಡ ವೃತ್ತಗಳು, ನಿಲ್ಲು–ನಡೆ ಬದಲಾವಣೆಗಳು, ದಿನಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ. ವಾರಗಳು ಹಿಡಿಯುತ್ತದೆ. ನಡಿಗೆಯಲ್ಲಿ ಎರಡು ಬೆರಳಿನ ಒತ್ತಡಕ್ಕೆ ನಿಲ್ಲದ ಕುದುರೆಯನ್ನು ಕುಕ್ಕುಲೋಟಕ್ಕೆ ಏರಿಸಬೇಡಿ, ಮೈದಾನಕ್ಕಂತೂ ಒಯ್ಯಲೇಬೇಡಿ.

ಪೆಲ್ಹಮ್, ಕಿಂಬಲ್‌ವಿಕ್, ಗ್ಯಾಗ್ ಇವುಗಳ ಲೆಕ್ಕವೇನು?

ಸ್ನ್ಯಾಫಲ್‌ನಲ್ಲಿ ಕೈಯಿಂದ ಹೊರಟ ಬಲ ಹೆಚ್ಚುಕಡಿಮೆ ಅಷ್ಟೇ ಬಾಯಿಗೆ ಮುಟ್ಟುತ್ತದೆ. ಪೆಲ್ಹಮ್, ಕಿಂಬಲ್‌ವಿಕ್‌ನಂಥ ಕರ್ಬ್ ಕಡಿವಾಣದಲ್ಲಿ ಪಕ್ಕದ ಕಂಬಿ ಸನ್ನೆಕೋಲು, ಗದ್ದದ ಕೆಳಗೆ ಸರಪಳಿ. ಬಾಯಿಭಾಗದಿಂದ ಮೇಲಿನ ಕೊಂಡಿಗೆ 5 ಸೆಂ.ಮೀ., ಕೆಳಗಿನ ರಿಂಗಿಗೆ 10 ಸೆಂ.ಮೀ. ಇದೆ ಎನ್ನಿ. ಲಗಾಮಿನಲ್ಲಿ 1 ಕಿಲೋ ಎಳೆತ ಕೊಟ್ಟರೆ ಮೇಲಿನ ತುದಿಯಲ್ಲಿ, ಮುಖ್ಯವಾಗಿ ಗದ್ದದ ಸರಪಳಿಯಲ್ಲಿ, ಸುಮಾರು 2 ಕಿಲೋ. ಎರಡೂ ಕೂಡಿ ನಾಲಿಗೆ ಮತ್ತು ವಸಡಿನ ಮೇಲೆ ಸುಮಾರು 3 ಕಿಲೋ. ಒರಟು ಕೈ 10 ಕಿಲೋ ಎಳೆದಾಗ ಏನಾಗುತ್ತದೆ ಎಂದು ನೀವೇ ಗುಣಿಸಿ ನೋಡಿ. ಅದರ ಅಡಿಯಲ್ಲಿರುವುದು ತೆಳು ವಸಡು, ಎಲುಬಿನ ಅಂಚು.

ಕುದುರೆದಳಗಳಿಗೆ ಇದು ಬೇಕಾಗಿತ್ತು. ಒಂದು ಕೈಯಲ್ಲಿ ಭರ್ಜಿಯೋ ಕತ್ತಿಯೋ ಇದ್ದವನಿಗೆ ಇನ್ನೊಂದೇ ಕೈಯಲ್ಲಿ ಕುದುರೆ ಹಿಡಿತದಲ್ಲಿರಬೇಕು. ಆದರೆ ಆ ಕುದುರೆಗಳನ್ನೂ ಸವಾರರನ್ನೂ ತಿಂಗಳುಗಟ್ಟಲೆ ತಯಾರು ಮಾಡಿರುತ್ತಿದ್ದರು. ಇಂದಿಗೂ ಟೆಂಟ್ ಪೆಗ್ಗಿಂಗ್ (ಓಡುವ ಕುದುರೆಯ ಮೇಲಿಂದ ಭರ್ಜಿಯಲ್ಲಿ ಗೂಟ ಎತ್ತುವ ಆಟ), ಪೋಲೊ ಆಡುವವರು ಒಂದೇ ಕೈಯ ಕಾರಣಕ್ಕೆ ಇಂಥವನ್ನು ಬಳಸುತ್ತಾರೆ.

ಬಳಸಲೇಬೇಕಾದರೆ ಸರಪಳಿ ಸರಿಯಾಗಿರಲಿ. ಅದನ್ನು ಪ್ರದಕ್ಷಿಣೆಯಾಗಿ ತಿರುಗಿಸುತ್ತಾ ಹೋದರೆ ಕೊಂಡಿಗಳೆಲ್ಲ ಚಪ್ಪಟೆಯಾಗಿ ಮಲಗುತ್ತವೆ. ಹಾಗೆಯೇ ಗದ್ದದ ಕುಳಿಯಲ್ಲಿ ಕೂರಿಸಿ ಕೊಕ್ಕೆಗೆ ಹಾಕಿ. ಲಗಾಮು ಎಳೆದಾಗ ಕಂಬಿ ಸುಮಾರು 45 ಡಿಗ್ರಿಗೆ ಬಂದಾಗ ಸರಪಳಿ ಹಿಡಿಯಬೇಕು. ಅದಕ್ಕೂ ಮೊದಲೇ ಹಿಡಿದರೆ ಬಿಗಿ ಹೆಚ್ಚು, ಕಂಬಿ ಲಗಾಮಿನ ಸಾಲಿಗೇ ಬಂದುಬಿಟ್ಟರೆ ಸಡಿಲ ಹೆಚ್ಚು. ಪೆಲ್ಹಮ್‌ಗೆ ಎರಡು ಲಗಾಮು ಹಾಕಿ ಸವಾರಿ ಮಾಡಲು ಬರುವವರಿಗಷ್ಟೇ ಅದರ ಪ್ರಯೋಜನ ಸಿಗುತ್ತದೆ, ಮೇಲಿನದರಲ್ಲಿ ಮಾತಾಡಿ ಕೆಳಗಿನದನ್ನು ಬೇಕಾದಾಗ ಮಾತ್ರ ಮುಟ್ಟಬಹುದು.

ಮೂರು ರಿಂಗಿನ ಡಚ್ ಗ್ಯಾಗ್ ಮಕ್ಕಳ ಕೈಯಲ್ಲೂ ಕಾಣುವುದು ನಮಗೆ ಬೇಸರದ ವಿಷಯ. ಅದಕ್ಕೆ ಸರಪಳಿ ಇಲ್ಲ, ಹಾಗಾಗಿ ಎಳೆದಾಗ ಕಡಿವಾಣ ತಿರುಗಿ ಕಟಬಾಯಿಯನ್ನು ಮೇಲಕ್ಕೂ ನೆತ್ತಿಯನ್ನು ಕೆಳಕ್ಕೂ ಒತ್ತುತ್ತದೆ. ತಲೆ ಎತ್ತಬೇಕೋ ಇಳಿಸಬೇಕೋ ಕುದುರೆಗೆ ತಿಳಿಯದು. ಲಗಾಮನ್ನು ತೀರಾ ಕೆಳಗಿನ ರಿಂಗಿಗೆ ಹಾಕಿದವರ ಹತ್ತಿರ ಕಾರಣ ಕೇಳಿದರೆ 'ಮುಂಚಿನಿಂದ ಹಾಗೇ ಇದೆ' ಎನ್ನುವವರೇ ಹೆಚ್ಚು.

ಮಾರವಾಡಿ ಕುದುರೆ ತಂದಾಗ ಜೊತೆಗೆ ಮುಳ್ಳಿನ ಕಡಿವಾಣ ಕೊಟ್ಟರು. 'ಇದಿಲ್ಲದೆ ನಿಲ್ಲುವುದಿಲ್ಲ' ಎಂದರು. ಏನು ಮಾಡಲಿ?

ಅದನ್ನು ಕುದುರೆಯ ಬಾಯಿಗೆ ಮತ್ತೆ ಹಾಕಬೇಡಿ. ಮುಳ್ಳು, ಗಂಟು, ಚೂಪು ಮೊನೆ ಇರುವ ಕಡಿವಾಣವನ್ನು 1965ರ ಭಾರ ಎಳೆಯುವ ಮತ್ತು ಹೊರುವ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ನಿಯಮಗಳ 8ನೇ ನಿಯಮ ನಿಷೇಧಿಸಿದೆ, ಸವಾರಿಗೂ ಗಾಡಿಗೂ. ಮದುವೆ ಮೆರವಣಿಗೆಯ ಕುದುರೆಗಳಲ್ಲೂ ಜಟಕಾ ಕುದುರೆಗಳಲ್ಲೂ ಇದು ಇನ್ನೂ ಕಾಣುತ್ತದೆ. ಒಳಗಿನ ಗಾಯ ಹೊರಗೆ ಕಾಣದಿರುವುದರಿಂದಲೇ ಇದು ಇಷ್ಟು ದಿನ ಉಳಿದಿದೆ.

ಇಂಥ ಕುದುರೆ ಮನೆಗೆ ಬಂದರೆ ವೈದ್ಯರಿಂದ ನಾಲಿಗೆ, ವಸಡು, ಕಟಬಾಯಿ ಪರೀಕ್ಷೆ ಮಾಡಿಸಿ. ನಾಲಿಗೆಯಲ್ಲಿ ಅಡ್ಡ ಕಲೆ, ವಸಡಿನ ಎಲುಬಿನ ಮೇಲೆ ಗಂಟು ಇರಬಹುದು. ಎರಡು ಮೂರು ವಾರ ಬಾಯಿಗೆ ಏನೂ ಹಾಕದೆ, ಹೆಡ್‌ಕಾಲರ್‌ನಲ್ಲೇ ಕೈಯಲ್ಲಿ ನಡೆಸಿ ನಿಲ್ಲುವುದನ್ನು ಕಲಿಸಿ. ಆಮೇಲೆ 14 ಮಿ.ಮೀ. ಮಲ್ಲನ್ ಮೌತ್‌ನಿಂದ, ಮೊದಲ ಕೆಲವು ದಿನ ಲಗಾಮು ಸೇರಿಸದೆ, ಶುರು ಮಾಡಿ. ನಾಲಿಗೆಯಲ್ಲಿ ಹಳೇ ಸೀಳು ಇರುವ ಕುದುರೆಗೆ ನಡುವೆ ಸ್ವಲ್ಪ ಕಮಾನು ಇರುವ ಬಾಯಿಭಾಗ ಹೆಚ್ಚು ಹಿತ.

ನಾಲಿಗೆಯನ್ನು ಕಡಿವಾಣದ ಮೇಲೆ ಹಾಕಿಕೊಳ್ಳುತ್ತದೆ. ಕಟ್ಟಿಬಿಡಲೇ?

ಕಟ್ಟಬೇಡಿ. ಹಾಗೆ ಮಾಡುವ ಕುದುರೆ ಒತ್ತಡದಿಂದ ನಾಲಿಗೆಯನ್ನು ಬಿಡಿಸಿಕೊಳ್ಳುತ್ತಿದೆ. ಕಡಿವಾಣ ಕೆಳಗಿದೆಯೇ, ಅಗಲವೇ, ದಪ್ಪವೇ ಎಂದು ಅದೇ ಕ್ರಮದಲ್ಲಿ ನೋಡಿ. ಹೆಚ್ಚಿನ ಸಲ ಒಂದು ತೂತು ಏರಿಸಿ, ತೆಳುವಾದ ಲೋಜೆಂಜಿಗೆ ಬದಲಿಸಿದರೆ ಕಡಿಮೆಯಾಗುತ್ತದೆ. ನಾಲಿಗೆ ಒಂದು ಪಕ್ಕ ಸದಾ ಜೋತಿದ್ದರೆ ವೈದ್ಯರಿಗೆ ತೋರಿಸಿ.

ಬಾಯಿ ತೆರೆಯದಂತೆ ಮೂಗುಪಟ್ಟಿ ಬಿಗಿ ಮಾಡುವುದು ಸರಿಯೇ?

ಮೂಗಿನ ಎಲುಬಿನ ಮೇಲೆ, ಮುಂಭಾಗದಲ್ಲೇ, ಪಟ್ಟಿಯ ಕೆಳಗೆ ದೊಡ್ಡವರ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೆನ್ನೆಯ ಪಕ್ಕದಲ್ಲಿ ಬೆರಳು ತೂರಿಸಿ 'ಹೋಗುತ್ತಿದೆ' ಎನ್ನಬೇಡಿ, ಅಲ್ಲಿ ಯಾವಾಗಲೂ ಜಾಗವಿರುತ್ತದೆ. ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ, ಎಫ್‌ಇಐ, 2025ರಿಂದ ಸ್ಪರ್ಧೆಗಳಲ್ಲಿ ಇದನ್ನು ಅಳತೆ ಸಾಧನ ಇಟ್ಟೇ ಪರೀಕ್ಷಿಸುತ್ತಿದೆ. ತೆರೆದ ಬಾಯಿ ಕುದುರೆ ಕೊಡುವ ದೂರು. ಪಟ್ಟಿ ಬಿಗಿದರೆ ದೂರು ಕೇಳಿಸದು, ನೋವು ಹಾಗೇ ಇರುತ್ತದೆ.

ಎಳೆ ಕುದುರೆಗೆ ಮೊದಲ ಕಡಿವಾಣ ಹೇಗೆ ಹಾಕಬೇಕು?

ಹಲ್ಲಿನ ತಪಾಸಣೆ ಆದ ಮೇಲೆ, ಲಾಯದೊಳಗೆ, ಮೇವಿಗೆ ಸ್ವಲ್ಪ ಮೊದಲು. ಕಡಿವಾಣಕ್ಕೆ ಬೆಲ್ಲದ ಪಾಕ ಸವರಿ. ಕೊಡಗಿನ ಡಿಸೆಂಬರ್ ಬೆಳಗಿನಂಥ ಚಳಿಯಲ್ಲಿ ಲೋಹವನ್ನು ಅಂಗೈಯಲ್ಲಿ ಹಿಡಿದೋ ಬೆಚ್ಚನೆ ನೀರಲ್ಲಿ ಅದ್ದಿಯೋ ಮೊದಲು ಬಿಸಿ ಮಾಡಿ. ಎಡಗೈ ಹೆಬ್ಬೆರಳನ್ನು ಹಲ್ಲಿಲ್ಲದ ಜಾಗದಲ್ಲಿ ಇಟ್ಟರೆ ಕುದುರೆ ತಾನಾಗಿ ಬಾಯಿ ತೆರೆಯುತ್ತದೆ. ಹಲ್ಲಿಗೆ ಬಡಿದು ತೆರೆಸಬೇಡಿ. ಮೊದಲ ದಿನ ಹತ್ತು ನಿಮಿಷ ಸಾಕು, ಕಣ್ಣೆದುರೇ ಇರಲಿ, ಲಗಾಮು ಬೇಡ, ಕಟ್ಟಿಹಾಕಬೇಡಿ.

ಹಾಕುವುದಕ್ಕಿಂತ ತೆಗೆಯುವುದರಲ್ಲೇ ಹೆಚ್ಚು ಕುದುರೆಗಳು ಕೆಡುತ್ತವೆ. ನೆತ್ತಿಯ ಪಟ್ಟಿಯನ್ನು ಕಿವಿ ದಾಟಿಸಿ ಅಲ್ಲೇ ಹಿಡಿದುಕೊಳ್ಳಿ, ಕುದುರೆ ಬಾಯಿ ತೆರೆದು ಕಡಿವಾಣವನ್ನು ತಾನೇ ಬಿಡುವವರೆಗೆ ಕಾಯಿರಿ. ಅವಸರದಲ್ಲಿ ಎಳೆದು ಅದು ಬಾಚಿಹಲ್ಲಿಗೆ ಬಡಿದರೆ ನಾಳೆಯಿಂದ ಬ್ರೈಡಲ್ ಕಂಡರೆ ಕತ್ತು ಆಕಾಶಕ್ಕೆ. ಲಾಯದ ಸೈಸ್‌ಗಳಿಗೆ (ಕುದುರೆ ನೋಡಿಕೊಳ್ಳುವವರಿಗೆ) ಇದೊಂದನ್ನು ಕೂತು ತೋರಿಸಿಕೊಟ್ಟರೆ ಅರ್ಧ ಲಾಯದ ತಲೆನೋವು ತಪ್ಪುತ್ತದೆ.

ಕಡಿವಾಣವೇ ಇಲ್ಲದೆ ಸವಾರಿ ಮಾಡಬಹುದೇ?

ಮಾಡಬಹುದು. ಪಕ್ಕಕ್ಕೆ ಎಳೆಯುವ ಸರಳ ಬಿಟ್‌ಲೆಸ್ ಬ್ರೈಡಲ್ ಬಾಯಿ ಗಾಯವಾದ ಕುದುರೆಗೆ ಬಹಳ ಉಪಯೋಗಿ. ಆದರೆ ಉದ್ದ ಕಂಬಿಯ ಮೆಕ್ಯಾನಿಕಲ್ ಹ್ಯಾಕಮೋರ್ ಸೌಮ್ಯ ಎಂದುಕೊಳ್ಳಬೇಡಿ. ಅದೂ ಸನ್ನೆಕೋಲೇ, ಒತ್ತುವುದು ಮೂಗು ಮತ್ತು ಗದ್ದವನ್ನು. ಮೂಗುಪಟ್ಟಿ ಕೆನ್ನೆಯೆಲುಬಿನ ಕೆಳಗೆ, ಮೂಗಿನ ಗಟ್ಟಿ ಎಲುಬಿನ ಮೇಲೆ ಕೂರಬೇಕು. ಕೆಳಗೆ ಜಾರಿದರೆ ಮೃದ್ವಸ್ಥಿಯನ್ನು ಒತ್ತಿ ಉಸಿರಿಗೆ ಅಡ್ಡಿಯಾಗುತ್ತದೆ.

ಸ್ಪರ್ಧೆಗೆ ಯಾವುದು ನಡೆಯುತ್ತದೆ?

ಡ್ರೆಸಾಜ್‌ನಲ್ಲಿ (ಕುದುರೆಯ ನಡೆ, ವಿಧೇಯತೆ ನೋಡುವ ಸ್ಪರ್ಧೆ) ಅನುಮತಿಸಿದ ಕಡಿವಾಣಗಳ ಪಟ್ಟಿಯೇ ಇದೆ. ಎಫ್‌ಇಐ ಲೆಕ್ಕದಲ್ಲಿ ಕುದುರೆಯ ಸ್ನ್ಯಾಫಲ್ ಕನಿಷ್ಠ 14 ಮಿ.ಮೀ., ಪೋನಿಗೆ 10 ಮಿ.ಮೀ.; ಪೆಲ್ಹಮ್, ಗ್ಯಾಗ್ ನಡೆಯವು. ಜಂಪಿಂಗ್‌ನಲ್ಲಿ ಆಯ್ಕೆ ಹೆಚ್ಚು. ನಿಯಮ ಆಗಾಗ ತಿದ್ದುಪಡಿಯಾಗುತ್ತದೆ, ಆ ವರ್ಷದ ಪ್ರತಿಯನ್ನೂ ಆಯೋಜಕರ ಸೂಚನೆಯನ್ನೂ ಓದಿಕೊಂಡೇ ಹೊರಡಿ.

ಒಂದೇ ಕಡಿವಾಣವನ್ನು ಹಲವು ಕುದುರೆಗೆ ಹಾಕಬಹುದೇ?

ಅಳತೆ ಒಂದೇ ಆದರೂ ಬೇಡ. ಜೊಲ್ಲು, ಮೂಗಿನ ಸ್ರಾವದಿಂದ ಸ್ಟ್ರ್ಯಾಂಗಲ್ಸ್ ಎಂಬ ಗಂಟಲಿನ ಸೋಂಕು ಹರಡುತ್ತದೆ. ಗ್ಲಾಂಡರ್ಸ್ ಅಂತೂ ಮನುಷ್ಯರಿಗೂ ಬರುವ ಕಾಯಿಲೆ. ಪ್ರತಿ ಕುದುರೆಗೂ ಅದರದೇ ಹೆಸರು ಬರೆದ ಬ್ರೈಡಲ್ ಇರಲಿ.

ಸವಾರಿ ಮುಗಿದ ಕೂಡಲೇ ನೀರಲ್ಲಿ ತೊಳೆದು ಒರೆಸಿ. ಬಾಯೊಳಗೆ ಹೋಗುವ ಭಾಗಕ್ಕೆ ಲೋಹದ ಪಾಲಿಷ್ ಹಾಕಬೇಡಿ. ವಾರಕ್ಕೊಮ್ಮೆ ಹತ್ತಿ ಬಟ್ಟೆಯಿಂದ ಬಾಯಿಭಾಗವನ್ನು ಬಿಗಿಯಾಗಿ ಒರೆಸುತ್ತಾ ಹೋಗಿ, ಎಳೆ ಸಿಕ್ಕಿಕೊಂಡ ಜಾಗದಲ್ಲಿ ಗೀರು ಇದೆ ಎಂದರ್ಥ. ಲೂಸ್ ರಿಂಗಿನ ತೂತು ಸವೆದು ಮೊಟ್ಟೆಯಾಕಾರವಾಗಿ ಅಂಚು ಚೂಪಾಗಿದ್ದರೆ, ಕೀಲು ಸವೆದು ಗಡಗಡ ಎನ್ನುತ್ತಿದ್ದರೆ ಆ ಕಡಿವಾಣದ ಆಯುಸ್ಸು ಮುಗಿದಿದೆ. ಬೆಸುಗೆ ಹಾಕಿಸಬೇಡಿ.

ಹೊಸ ಕಡಿವಾಣ ಒಪ್ಪಿದೆ ಎಂದು ಯಾವಾಗ ತಿಳಿಯುತ್ತದೆ?

ಒಂದೇ ದಿನದಲ್ಲಿ ತೀರ್ಮಾನಿಸಬೇಡಿ. ಹೊಸದಾದ್ದರಿಂದಲೇ ಮೊದಲ ದಿನ ಕುದುರೆ ಹಗುರಾಗಿ ನಡೆಯಬಹುದು, ಮೂರನೇ ದಿನ ಹಳೇ ದೂರು ಮರಳಬಹುದು. ಒಂದೆರಡು ವಾರ ಅದೇ ಸವಾರ, ಅದೇ ಅಂಗಳ, ಅದೇ ಕೆಲಸ ಇಟ್ಟು ನೋಡಿ. ಮೂಗುಪಟ್ಟಿ, ಜೀನು, ಕಡಿವಾಣ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು. ಬಾಯಿ ಮುಚ್ಚಿ ಮೆಲ್ಲಗೆ ಮೆಲುಕುವುದು, ತುಟಿಯಲ್ಲಿ ತೆಳು ನೊರೆ, ಎರಡೂ ಕಡೆ ಸಮನಾದ ತಿರುವು ಒಳ್ಳೆಯ ಲಕ್ಷಣ. ಬಾಯಿಂದ ಸುರಿಯುವ ಜೊಲ್ಲು, ಹಲ್ಲು ಕಡಿಯುವುದು, ಕತ್ತು ಬಗ್ಗಿಸಿ ಗದ್ದವನ್ನು ಎದೆಗೆ ಒತ್ತಿ ತಪ್ಪಿಸಿಕೊಳ್ಳುವುದು ಒಳ್ಳೆಯದಲ್ಲ.

ಬಾಯಲ್ಲಿ ಗಾಯ ಕಂಡರೆ?

ಆ ದಿನವೇ ಕಡಿವಾಣ ನಿಲ್ಲಿಸಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಸೂಜಿಯಿಲ್ಲದ ಸಿರಿಂಜಿನಿಂದ ಮೇವಿನ ನಂತರ ಬಾಯಿ ತೊಳೆಯಿರಿ. ಕಟಬಾಯಿಯ ಸಣ್ಣ ಬಿರುಕು ಒಂದೆರಡು ವಾರದಲ್ಲಿ ಮಾಯುತ್ತದೆ. ಚರ್ಮ ಮೇಲೆ ಕೂಡಿದರೂ ಇನ್ನೂ ಕೆಲವು ದಿನ ಬಿಡಿ, ಎಳೆ ಚರ್ಮ ಬೇಗ ಹರಿಯುತ್ತದೆ. ವಸಡಿನ ಗಾಯ, ಕೆಟ್ಟ ವಾಸನೆ, ಎಲುಬಿನ ಮೇಲೆ ಊತ, ಮೇವು ಉಗುಳುವುದು ಇವುಗಳಲ್ಲಿ ಯಾವುದು ಕಂಡರೂ ವೈದ್ಯರನ್ನು ಕರೆಸಿ. ಗಾಯ ಮಾಯ್ದ ಮೇಲೆ ಅದೇ ಕಡಿವಾಣವನ್ನು ಅದೇ ತೂತಿಗೆ ಹಾಕಿ ಹೊರಡಬೇಡಿ. ಕೋಲು ತೆಗೆದುಕೊಂಡು ಅಳತೆಯಿಂದ ಮತ್ತೆ ಶುರು ಮಾಡಿ.